ನಿನ್ನೆಗಿಂತ ವಾಸಿ

ಲೀಲಮ್ಮನಿಗೆ ಇಂಗ್ಲಿಷ್ ಬಂದದ್ದು ಐವತ್ತೆಂಟನೆಯ ವಯಸ್ಸಿನಲ್ಲಿ, ಲೋಧಿ ಕಾಲೋನಿಯ ಒಂದು ಮೆಟ್ಟಿಲ ಮೇಲೆ ಬೆನ್ನು ಬಿಸಿಲಿಗೆ ಕೊಟ್ಟು ಹಸಿ ಬಟಾಣಿ ಸುಲಿಯುತ್ತಿದ್ದಾಗ. ಬಂತು ಅಂದರೆ ಪೂರ್ತಿ ಬಂತು ಅಂತಲ್ಲ. ಪಕ್ಕದ ಮನೆಯ ಬೆಕ್ಕು ಬರುತ್ತದಲ್ಲ, ಹೊಸ್ತಿಲ ತನಕ ಬಂದು, ಒಳಗೆ ಇಣುಕಿ, ಕರೆದರೆ ಬಾರದೆ ಅಲ್ಲೇ ಕೂತು ಕಾಲು ನೆಕ್ಕಿಕೊಳ್ಳುತ್ತದಲ್ಲ, ಹಾಗೆ ಬಂತು.

ದೆಹಲಿಯ ಫೆಬ್ರವರಿ ಬಿಸಿಲು ಒಂದು ಥರದ ನಿದ್ದೆ. ಮಂಜು ಕರಗಿರುತ್ತದೆ, ಸೆಕೆ ಇನ್ನೂ ಊರು ಹೊಕ್ಕಿರುವುದಿಲ್ಲ. ಹಳೆಯ ಸರ್ಕಾರಿ ಮನೆಗಳ ಸಾಲು, ಎತ್ತರದ ಕಮಾನು, ಎದುರಿನ ಬ್ಲಾಕಿನ ಗೋಡೆ ತುಂಬ ಯಾರೋ ಬರೆದು ಹೋದ ನೀಲಿ ಹಕ್ಕಿ, ಎಲ್ಲವೂ ಆ ಬಿಸಿಲಿನಲ್ಲಿ ನೆಲದಿಂದ ಒಂದು ಬೆರಳು ಮೇಲೆ ತೇಲುತ್ತಿರುವಂತೆ ಕಾಣುತ್ತವೆ. ಬೇವಿನ ಮರ ಒಂದೊಂದೇ ಹಳದಿ ಎಲೆ ಬಿಡುತ್ತದೆ. ಅಂಥ ಹೊತ್ತಿನಲ್ಲಿ ಕಿವಿಗೆ ಬಿದ್ದ ಮಾತು ತಲೆಗೆ ಹೋಗದೆ ನೇರ ಕನಸಿಗೆ ಹೋಗುತ್ತದೆ. ಲೀಲಮ್ಮನಿಗೆ ಆದದ್ದೂ ಅದೇ ಇರಬೇಕು.

ಅವಳು ಹುಟ್ಟಿನಿಂದ ಲೀಲಮ್ಮ ಅಲ್ಲ. ಹೊಸದುರ್ಗದ ಹತ್ತಿರದ ತವರಿನಲ್ಲಿ ಅವಳು ಪುಟ್ಟರಂಗಿ. ಅತ್ತೆಯ ಹೆಸರೂ ರಂಗಮ್ಮನೇ ಆಗಿದ್ದರಿಂದ, ಒಂದೇ ಮನೆಯಲ್ಲಿ ಇಬ್ಬರು ರಂಗಮ್ಮಂದಿರು ಬೇಡವೆಂದು ಧಾರೆಯ ದಿನವೇ ಹೆಸರು ಬದಲಾಯಿಸಿದರು. ಗಂಡ ಹನುಮಂತ ಕರೋಲ್‌ಬಾಗಿನಲ್ಲಿ ಕನ್ನಡದವರ ಮೆಸ್ಸಿನ ಅಡುಗೆಯವನು. ಅವನ ಹಿಂದೆ ಇಪ್ಪತ್ತೆರಡು ವರ್ಷದ ಹುಡುಗಿ ಒಂದು ಟ್ರಂಕು ಹಿಡಿದು ದೆಹಲಿಗೆ ಬಂದಿಳಿದಳು. ಏಳನೇ ಕ್ಲಾಸಿನ ತನಕ ಕನ್ನಡ ಓದಿದ್ದಳು, ಇಂಗ್ಲಿಷಿನ ಅಕ್ಷರಗಳನ್ನು ಬಸ್ಸಿನ ಬೋರ್ಡು ನೋಡಿ ಕಲಿತಳು, ಹಿಂದಿಯನ್ನು ತರಕಾರಿ ಭಯ್ಯಾನಿಂದ ಕಲಿತಳು. ಹಿಂದಿ ಅವಳಿಗೆ ಕಷ್ಟ ಕೊಡಲಿಲ್ಲ. ‘ಇಸ್ ಸೇ ವೋ ಅಚ್ಛಾ’ ಅಂದರೆ ಇದಕ್ಕಿಂತ ಅದು ಚೆನ್ನ. ನಮ್ಮ ‘ಗಿಂತ’, ಅವರ ‘ಸೇ’, ಎರಡೂ ಒಂದೇ ತಾಯಿಯ ಮಕ್ಕಳ ಹಾಗೆ ಒಂದೇ ಜಾಗದಲ್ಲಿ ಕೂರುತ್ತವೆ. ಚೆನ್ನ ಅನ್ನುವ ಮಾತನ್ನು ಯಾರೂ ಮುಟ್ಟುವುದಿಲ್ಲ; ಅದು ಇದ್ದ ಹಾಗೇ ಇರುತ್ತದೆ.

ಹನುಮಂತ ತೀರಿಕೊಂಡ ಮೇಲೆ ಅವಳು ಕಾಯಿಲೆಯವರನ್ನು ನೋಡಿಕೊಳ್ಳುವ ಕೆಲಸ ಹಿಡಿದಳು. ಹಾಗೆ ಸೇರಿದ್ದು ಸುಬೇದಾರ್ ಪೂಣಚ್ಚನವರ ಮನೆಗೆ, ಅವರ ಹೆಂಡತಿ ದೇಚಮ್ಮ ಹಾಸಿಗೆ ಹಿಡಿದಾಗ. ಕೊಡಗಿನವರು, ಸೈನ್ಯದಲ್ಲಿ ಊರೂರು ಸುತ್ತಿ ಬಂದವರು. ಮಗಳು ಪೂವಮ್ಮ ಕೇಂದ್ರ ಸರ್ಕಾರದಲ್ಲಿ ರಸ್ತೆಯ ಎಂಜಿನಿಯರು. ಲೋಧಿ ಕಾಲೋನಿಯ ಮನೆ ಅವಳ ಹೆಸರಿನಲ್ಲಿ ಸಿಕ್ಕಿದ್ದು. ಸಂಜೆ ಆಫೀಸಿನಿಂದ ಬರುವ ಪೂವಮ್ಮನಿಗೆ ಬಾಗಿಲು ತೆಗೆದು ಲೀಲಮ್ಮ ದಿನವೂ ಒಂದೇ ಮಾತು ಹೇಳುತ್ತಿದ್ದಳು. ‘ನಿನ್ನೆಗಿಂತ ವಾಸಿ’, ಇಲ್ಲವಾದರೆ ‘ನಿನ್ನೆ ಇದ್ದ ಹಾಗೇ’. ಉತ್ತರದ ಊರುಗಳಲ್ಲಿ, ಹಿಂದಿ ಇಂಗ್ಲಿಷಿನ ನಡುವೆ ಬೆಳೆದ ಪೂವಮ್ಮನಿಗೆ ಕನ್ನಡ ಕೇಳಿದರೆ ತಿಳಿಯುತ್ತಿತ್ತು, ಓದಲು ಬರುತ್ತಿರಲಿಲ್ಲ. ಆದರೆ ವಾಸಿ ಅನ್ನುವ ಮಾತಿಗೆ ಅವಳು ಮೆಟ್ಟಿಲಿನಿಂದಲೇ ಕಿವಿ ಕೊಟ್ಟು ಬರುತ್ತಿದ್ದಳು. ಕೊನೆಯ ಹನ್ನೊಂದು ದಿನ ಲೀಲಮ್ಮ ಆ ಮಾತು ಆಡಲಿಲ್ಲ. ಚಪ್ಪಲಿ ಪಕ್ಕಕ್ಕೆ ಸರಿಸಿ ಸುಮ್ಮನೆ ದಾರಿ ಬಿಟ್ಟಳು. ಪೂವಮ್ಮ ಅರ್ಥ ಮಾಡಿಕೊಂಡಳು, ಕೇಳಲಿಲ್ಲ.

ಅದಾಗಿ ನಾಲ್ಕು ವರ್ಷ. ಲೀಲಮ್ಮ ಆ ಮನೆ ಬಿಡಲಿಲ್ಲ. ಅಡುಗೆಗೆ, ಸುಬೇದಾರರ ಔಷಧಿಗೆ, ದೇಚಮ್ಮ ಬಾಲ್ಕನಿಯ ಕುಂಡದಲ್ಲಿ ನೆಟ್ಟ ಕಾಫಿ ಗಿಡಕ್ಕೆ ನೀರು ಹಾಕುವುದಕ್ಕೆ ಉಳಿದುಕೊಂಡಳು. ಆ ಗಿಡದ್ದೇ ಒಂದು ಕಥೆ. ದೆಹಲಿಯಲ್ಲಿ ಕಾಫಿ ಹಣ್ಣು ಬಿಡುತ್ತದೆಯೇ? ಬಿಡಲಿಲ್ಲ. ಚಳಿಗೆ ಎಲೆ ಸುಟ್ಟುಕೊಂಡು, ಬೇಸಿಗೆಗೆ ತಲೆ ಬಾಗಿಸಿ, ಮಳೆ ಬಂದಾಗ ಎರಡು ಎಲೆ ಹೊಸದಾಗಿ ತೋರಿಸಿ, ಹಾಗೇ ಬದುಕಿತ್ತು. ಪೂಣಚ್ಚ ಬೆಳಿಗ್ಗೆ ಎದ್ದವರೇ ಅದರ ಮುಂದೆ ನಿಂತು ಸಲ್ಯೂಟ್ ಹೊಡೆಯುವಂತೆ ಹಣೆಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದರು.

ಈ ವರ್ಷ ಜನವರಿಯಲ್ಲಿ ಅವರು ಬಚ್ಚಲಲ್ಲಿ ಜಾರಿದರು. ಸೊಂಟದ ಕೀಲು ಮುರಿಯಿತು, ಆಪರೇಷನ್ ಆಯಿತು, ಒಳಗೆ ಕಬ್ಬಿಣ ಕೂತಿತು. ಎಂಬತ್ತೆರಡರ ಮನುಷ್ಯ. ಡಾಕ್ಟರು ನಡೆಸಿ ಅಂದರು. ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅಷ್ಟರಲ್ಲಿ ಪೂವಮ್ಮನಿಗೆ ಲಡಾಖಿನ ಕಡೆಯ ರಸ್ತೆ ಕೆಲಸಕ್ಕೆ ಹೋಗಲೇಬೇಕೆಂದು ಆಫೀಸಿನವರು ಹೇಳಿದರು. ಹೊರಡುವ ದಿನ ಅವಳು ತಂದೆಯ ಮಂಚದ ಹತ್ತಿರವೇ ನಿಂತು ಲೀಲಮ್ಮನಿಗೆ ಹೇಳಿದ್ದು ಇಷ್ಟು: ಹೋಳಿಯ ತನಕ ನೋಡೋಣ. ಅಪ್ಪ ಏಳುವ ಲಕ್ಷಣ ಕಾಣದಿದ್ದರೆ ಗುರುಗ್ರಾಮದ ವೃದ್ಧರ ಆರೈಕೆಯ ಮನೆಗೆ ಶಿಫ್ಟ್ ಮಾಡಿಸುವುದು. ಅಲ್ಲಿ ನರ್ಸು ಇರುತ್ತಾರೆ, ಕರಣ್ ಹತ್ತಿರದಲ್ಲೇ ಇದ್ದಾನೆ. ಕರಣ್ ಅಂದರೆ ಪೂಣಚ್ಚನವರ ತಮ್ಮನ ಮೊಮ್ಮಗ, ಗುರುಗ್ರಾಮದ ಕಂಪನಿಯಲ್ಲಿ ಕೆಲಸ. ಪೂವಮ್ಮನ ಮಾತು ಕೇಳಿ ಪೂಣಚ್ಚ ಮುಖ ತಿರುಗಿಸಲಿಲ್ಲ. ಹೊದ್ದಿದ್ದ ಕಂಬಳಿಯ ಅಂಚನ್ನು ಮಾತ್ರ ಬಿಗಿಯಾಗಿ ಹಿಡಿದರು. ಅದನ್ನು ಲೀಲಮ್ಮ ನೋಡಿದಳು.

ಮಗಳು ಹೋದ ಮೇಲೆ ಅವರು ಮೊದಲ ಸಲ ಬಾಯಿ ಬಿಟ್ಟರು. “ಲೀಲಮ್ಮ, ನನ್ನ ಇಲ್ಲಿಂದ ಕಳಿಸಬೇಡ. ಗಿಡ ಒಂಟಿ ಆಗ್ತದೆ.”

ಅಲ್ಲಿಂದ ಅವಳ ಹಠ ಶುರುವಾಯಿತು. ಮೊದಲ ದಿನ ಮಂಚದಿಂದ ಕುರ್ಚಿ. ಮೂರನೆಯ ದಿನ ಕುರ್ಚಿಯಿಂದ ಬಾಗಿಲು. ವಾಕರ್ ಹಿಡಿದು ಟಕ್ ಟಕ್ ಅಂತ ಅವರು, ಹಿಂದೆ ಎರಡೂ ಕೈ ಚಾಚಿಕೊಂಡು ಅವಳು, ಕೋಳಿ ಹಿಡಿಯಲು ಹೊರಟವಳ ಹಾಗೆ. ಒಂದು ವಾರಕ್ಕೆ ಕಾಫಿ ಗಿಡದ ತನಕ ತಲುಪಿದರು.

ಪೂವಮ್ಮನ ಶಿಬಿರದಲ್ಲಿ ಹಿಮ ಬಿದ್ದು ಟವರು ಸೊರಗಿತ್ತು. ಮಾತು ಹೋಗುತ್ತಿರಲಿಲ್ಲ, ಫೋಟೋ ಹೋಗುತ್ತಿರಲಿಲ್ಲ. ದಿನಕ್ಕೆ ಒಂದೆರಡು ಸಲ ನಾಲ್ಕು ಅಕ್ಷರ ಮಾತ್ರ ಹೋಗುತ್ತಿದ್ದವು. ಇಂಗ್ಲಿಷಿನಲ್ಲಿ ಒಂದು ಸಾಲು ಸಾಕು ಆಂಟಿ ಅಂತ ಹೇಳಿಹೋಗಿದ್ದಳು. ಹಾಗಾಗಿ ಲೀಲಮ್ಮ ದಿನವೂ ಕನ್ನಡಕ ಏರಿಸಿ, ತೋರುಬೆರಳಿನಲ್ಲಿ ಒಂದೊಂದೇ ಅಕ್ಷರ ಕುಟ್ಟಿ, ‘ಸರ್ ಗುಡ್’ ಅಂತ ಕಳಿಸುತ್ತಿದ್ದಳು. ಇಂಗ್ಲಿಷಿನ ಅಕ್ಷರದಲ್ಲಿ ಇಂಗ್ಲಿಷನ್ನೇ ಬರೆಯಬೇಕು ಅನ್ನುವುದು ಅವಳ ತಿಳಿವಳಿಕೆ. ಹಾಲಿನ ಪಾತ್ರೆಯಲ್ಲಿ ಹಾಲನ್ನೇ ಕಾಯಿಸಬೇಕಲ್ಲ, ಹಾಗೆ. ಎಂಟನೆಯ ದಿನ ಪೂವಮ್ಮನಿಂದ ಉತ್ತರ ಬಂತು: ಗುಡ್ ಅಂದರೆ? ಬೆಟರ್ ಆರ್ ವರ್ಸ್?

ಆ ಎರಡು ಪದದ ಅರ್ಥ ತಿಳಿಯದೆಯೇ ಲೀಲಮ್ಮ ಅವತ್ತು ಬಟಾಣಿ ಬುಟ್ಟಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತದ್ದು. ಮೇಲಿನ ಮನೆಯ ಅನನ್ಯಾ, ಗುಮಾಸ್ತ ಮಹಂತೇಶನ ಮಗಳು, ಐದನೇ ಕ್ಲಾಸು, ಅದೇ ಮೆಟ್ಟಿಲಿನಲ್ಲಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿ ತೂಗಾಡುತ್ತಾ ಬಾಯಿಪಾಠ ಮಾಡುತ್ತಿದ್ದಳು. ಟಾಲ್ ಟಾಲರ್ ಟಾಲೆಸ್ಟ್. ಫಾಸ್ಟ್ ಫಾಸ್ಟರ್ ಫಾಸ್ಟೆಸ್ಟ್. ಕೇಳುತ್ತಾ ಕೇಳುತ್ತಾ ಲೀಲಮ್ಮನ ಬೆರಳುಗಳೂ ಆ ಲಯಕ್ಕೆ ಬಿದ್ದವು. ಒಂದು ಸಿಪ್ಪೆಗೆ ಮೂರು ಕಾಳು, ಟಪ್ ಟಪ್ ಟಪ್.

“ಏನೇ ಅದು ಮಂತ್ರದ ಹಾಗೆ?”

“ಡಿಗ್ರೀಸ್ ಆಫ್ ಕಂಪ್ಯಾರಿಸನ್, ಅಜ್ಜಿ. ಮಂಡೇ ಟೆಸ್ಟ್ ಹೈ.”

ಅಜ್ಜಿಗೆ ಪಾಠ ಹೇಳುವುದೆಂದರೆ ಆ ಹುಡುಗಿಗೆ ಟೀಚರ್ ಆಟ. ಪುಟದಲ್ಲಿ ಮೂರು ಮನೆ ಗೀಚಿ ತೋರಿಸಿದಳು. ಚಿಕ್ಕ ಪದವಾದರೆ ಬಾಲಕ್ಕೆ ಇ, ಆರ್ ಸೇರಿಸಬೇಕು. ಎಲ್ಲರಿಗಿಂತ ಅನ್ನಬೇಕಾದರೆ ಇ, ಎಸ್, ಟಿ. ಹ್ಯಾಪಿ ಥರದ ಪದದಲ್ಲಿ ಕೊನೆಯ ವೈ ಹೋಗಿ ಐ ಬರುತ್ತದೆ. ಹಾಟ್ ಅನ್ನುವುದಕ್ಕೆ ಟಿ ಒಂದೇ, ಹಾಟರ್ ಆದಾಗ ಎರಡು. ಬಿಸಿ ಏರಿದರೆ ಅಕ್ಷರವೂ ಉಕ್ಕುತ್ತದೆ ಅಂತ ಲೀಲಮ್ಮ ತನ್ನಷ್ಟಕ್ಕೆ ಅರ್ಥ ಮಾಡಿಕೊಂಡಳು. ಬ್ಯೂಟಿಫುಲ್ ಥರದ ಉದ್ದದ ಪದಗಳಿಗೆ ಬಾಲ ಕಟ್ಟುವ ಹಾಗಿಲ್ಲ, ಮುಂದೆ ಮೋರ್, ಮೋಸ್ಟ್ ಇಡಬೇಕು. ಅದೂ ಸರಿಯೇ, ಅಷ್ಟು ಉದ್ದದ ಸೆರಗಿನ ಹಿಂದೆ ಇನ್ನೇನು ಕಟ್ಟುವುದು. ನಡಿಗೆಯ ಬಗ್ಗೆ ಹೇಳುವಾಗಲೂ ಹಾಗೇ: ಫಾಸ್ಟ್ ಇದ್ದದ್ದು ಫಾಸ್ಟರ್, ಸ್ಲೋಲಿ ಇದ್ದದ್ದು ಮೋರ್ ಸ್ಲೋಲಿ.

ಇನ್ನು ಗುಡ್. ಅದು ಗುಡ್ಡರ್ ಆಗುವುದಿಲ್ಲವಂತೆ. ಬೆಟರ್, ಬೆಸ್ಟ್ ಆಗುತ್ತದಂತೆ. ಮೊದಲಿನ ಹೆಸರಿನ ಒಂದು ಅಕ್ಷರವೂ ಉಳಿಯುವುದಿಲ್ಲ. ಇದನ್ನು ಕೇಳಿ ಲೀಲಮ್ಮ ಬಟಾಣಿ ಸುಲಿಯುವುದು ನಿಲ್ಲಿಸಿದಳು. ಪುಟ್ಟರಂಗಿ ಹೊಸ್ತಿಲು ದಾಟಿ ಲೀಲಮ್ಮ ಆದ ಹಾಗೆ ಗುಡ್ ಹೊಸ್ತಿಲು ದಾಟಿ ಬೆಟರ್ ಆಯಿತು. ಯಾವ ಮನೆಯಲ್ಲಿ ಅದಕ್ಕಿಂತ ಮೊದಲೇ ಒಬ್ಬಳು ಗುಡ್ ಇದ್ದಳೋ, ಯಾರು ಬಲ್ಲರು.

ಆದರೆ ಒಂದು ಮಾತು ಅವಳ ಮನಸ್ಸಿನಲ್ಲಿ ಕೂರಲಿಲ್ಲ. “ಗಿಂತ ಎಲ್ಲಿದೆಯೇ ಇದರಲ್ಲಿ? ಅವನಿಗಿಂತ, ಇವಳಿಗಿಂತ ಅನ್ನಬೇಡವಾ?”

ಅನನ್ಯಾ ಪುಟ ನೋಡಿದಳು, ಆಕಾಶ ನೋಡಿದಳು. “ಇಆರ್ ಇದೆಯಲ್ಲ ಅಜ್ಜಿ, ವಹೀ ಗಿಂತ. ಒಳಗೇ ಇದೆ.”

ಅಷ್ಟರಲ್ಲಿ ಮೇಲಿನಿಂದ ಅವಳಮ್ಮ ಊಟಕ್ಕೆ ಕರೆದಳು. ಹುಡುಗಿ ಪುಸ್ತಕ ಮಡಿಸಿ ಓಡಿದಳು. ಲೀಲಮ್ಮ ಆ ಬಿಸಿಲಿನಲ್ಲಿ ಬಹಳ ಹೊತ್ತು ಕೂತಿದ್ದಳು. ಗಿಂತ ಒಳಗೇ ಇದೆ. ಬಟಾಣಿಯೊಳಗೆ ಕಾಳಿದ್ದ ಹಾಗೆ. ಎಂಥ ಮಿತವ್ಯಯದ ಭಾಷೆ ಅನ್ನಿಸಿತು.

ಆ ದಿನ ಪೂಣಚ್ಚ ವಾಕರ್ ಹಿಡಿದು ಕಾಫಿ ಗಿಡದ ತನಕ ಹೋಗಿ, ಕೂರದೆ ವಾಪಸು ಬಂದಿದ್ದರು. ಲೀಲಮ್ಮ ಮನಸ್ಸಿನಲ್ಲಿ ‘ನಿನ್ನೆಗಿಂತ ವಾಸಿ’ ಅಂದುಕೊಂಡಳು. ನಿನ್ನೆ ಅಂದರೆ ಯಸ್ಟರ್ಡೇ. ವಾಸಿ ಅಂದರೆ ಬೆಟರ್. ಗಿಂತ ಒಳಗೇ ಇದೆ. ಯಸ್ಟರ್ಡೇ ಬೆಟರ್ ಅಂತ ಕುಟ್ಟಿ ಕಳಿಸಿದಳು, ಕಳಿಸಿ ಫೋನನ್ನು ಸೆರಗಿನಲ್ಲಿ ಒರೆಸಿ ಇಟ್ಟಳು. ಅಂಥ ಮಾತು ತನ್ನ ಕೈಯಿಂದ ಪರ್ವತ ದಾಟಿ ಹೋಯಿತಲ್ಲ ಅಂತ ಅವಳಿಗೆ ಒಳಗೊಳಗೇ ಹೆಮ್ಮೆ. ಯಾರಿಗೂ ತೋರಿಸಲಿಲ್ಲ. ಸೀರೆಯ ಮಡಿಕೆಯೊಳಗೆ ಇಟ್ಟ ಹೂವಿನ ಹಾಗೆ ಅದನ್ನು ಬಚ್ಚಿಟ್ಟಳು.

ಮಾರನೆಯ ದಿನ ಅವರು ಎರಡು ಚಪಾತಿ ತಿಂದರು. ಯಸ್ಟರ್ಡೇ ಬೆಟರ್. ಯಸ್ಟರ್ಡೇ ಈಟ್ ಮೋರ್. ಅದರ ಮಾರನೆಯ ದಿನ ಮೆಟ್ಟಿಲು ಇಳಿದು ಬೇವಿನ ಮರದ ತನಕ ಹೋದರು, ಎಲೆಯೊಂದು ಭುಜದ ಮೇಲೆ ಬಿದ್ದದ್ದನ್ನು ತೆಗೆಯದೆ ಹಾಗೇ ಮನೆಗೆ ತಂದರು. ಯಸ್ಟರ್ಡೇ ವಾಕ್ ಫಾಸ್ಟರ್. ಯಸ್ಟರ್ಡೇ ಹ್ಯಾಪಿಯರ್. ವೈ ತೆಗೆದು ಐ ಹಾಕುವುದನ್ನೂ ಅವಳು ಮರೆಯಲಿಲ್ಲ. ಒಂದು ಸಲ ಮೋರ್ ಫಾಸ್ಟರ್ ಅಂತ ಬರೆದು, ಬಾಲವೂ ಬೇಡ ತಲೆಹೊರೆಯೂ ಬೇಡ, ಯಾವುದಾದರೂ ಒಂದೇ ಅಂತ ಹುಡುಗಿ ಹೇಳಿದ್ದು ನೆನಪಾಗಿ ಅಳಿಸಿ ತಿದ್ದಿದಳು.

ಪೂವಮ್ಮನ ಉತ್ತರಗಳು ಮಾತ್ರ ದಿನದಿಂದ ದಿನಕ್ಕೆ ಚಿಕ್ಕವಾಗುತ್ತಾ ಬಂದವು. ಮೊದಲು ಓ ಅಂದಳು. ಆಮೇಲೆ ಊಟ ಸರಿಯಾಗಿ ಮಾಡ್ತಾರಾ ಅಂತ ಇಂಗ್ಲಿಷಿನಲ್ಲಿ ಕೇಳಿದಳು. ಯಸ್ಟರ್ಡೇ ಮೋರ್ ಅಂತ ಲೀಲಮ್ಮ ಬರೆದಳು. ಆಮೇಲೆ ಬರೀ ಓಕೆ. ಸಂತೋಷದ ಸುದ್ದಿಗೆ ಈ ಹುಡುಗಿ ಯಾಕೆ ಹೀಗೆ ಮಾತು ಬಿಗಿಹಿಡಿಯುತ್ತಾಳೆ ಅಂತ ಲೀಲಮ್ಮನಿಗೆ ತಿಳಿಯಲಿಲ್ಲ. ಚಳಿ ಇರಬೇಕು, ಕೈ ಮರಗಟ್ಟಿರಬೇಕು ಅಂದುಕೊಂಡಳು.

ಹೋಳಿಗೆ ಇನ್ನೂ ಎಂಟು ದಿನ ಇದೆ ಅನ್ನುವಾಗ ಶುಕ್ರವಾರ ಒಂದು ಸಾಲು ಬಂತು. ಕರಣ್ ಕಮಿಂಗ್ ಸಂಡೇ. ಶಿಫ್ಟಿಂಗ್ ಅಪ್ಪ. ಸಾರಿ ಆಂಟಿ.

ಶಿಫ್ಟಿಂಗ್ ಅನ್ನುವುದು ಲೀಲಮ್ಮನಿಗೆ ತಿಳಿಯದ ಮಾತಲ್ಲ. ಈ ಊರಿನಲ್ಲಿ ಸರ್ಕಾರಿ ಮನೆಯವರು ಮೂರು ವರ್ಷಕ್ಕೊಮ್ಮೆ ಮಾಡುವುದೇ ಅದು. ಟೆಂಪೋದ ಮೇಲೆ ಕಾಲು ಮೇಲಾಗಿ ಹೋಗುವ ಕುರ್ಚಿಗಳನ್ನು ಅವಳು ಎಷ್ಟು ಸಲ ನೋಡಿಲ್ಲ. ಫೋನು ಹಿಡಿದು ಅಡುಗೆಮನೆಯಲ್ಲಿ ನಿಂತಳು. ಬಾಲ್ಕನಿಯಲ್ಲಿ ಪೂಣಚ್ಚ ಗಿಡದ ಒಣ ಎಲೆ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು, ನಿಂತುಕೊಂಡು, ಒಂದೇ ಕೈಯಲ್ಲಿ ವಾಕರ್ ಹಿಡಿದು. ವಾಸಿ ಅಂದದ್ದು ಸಾಲಲಿಲ್ಲವೇ? ಎಷ್ಟು ವಾಸಿಯಾದರೆ ಅವಳಿಗೆ ಸಾಕು? ಆಗ ಮೂರನೆಯ ಮನೆ ನೆನಪಾಯಿತು. ಎಲ್ಲದಕ್ಕಿಂತ ಮೇಲಿನದು, ಇ ಎಸ್ ಟಿಯ ಮನೆ. ಅದನ್ನು ಅವಳು ಇಷ್ಟು ದಿನ ಮುಟ್ಟಿರಲಿಲ್ಲ, ಹಬ್ಬದ ಸೀರೆಯ ಹಾಗೆ ಎತ್ತಿಟ್ಟಿದ್ದಳು. ಯಸ್ಟರ್ಡೇ ಬೆಸ್ಟ್ ಅಂತ ಬರೆದಳು. ಕಡಿಮೆಯಾಯಿತೇನೋ ಅಂತ ಇನ್ನೊಂದು ಸೇರಿಸಿದಳು. ಯಸ್ಟರ್ಡೇ ಸ್ಟ್ರಾಂಗೆಸ್ಟ್.

ಅದಕ್ಕೆ ಉತ್ತರವೇ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಅವಳು ಸುಬೇದಾರರ ಶರ್ಟುಗಳನ್ನು ಮಡಿಸಿ ಚೀಲಕ್ಕೆ ತುಂಬಿದಳು. ದೇಚಮ್ಮನ ಫೋಟೋವನ್ನು ಟವೆಲಿನಲ್ಲಿ ಸುತ್ತಿದಳು. ಗಿಡವನ್ನು ಏನು ಮಾಡುವುದೆಂದು ತೋಚಲಿಲ್ಲ. ಪೂಣಚ್ಚ ಎಲ್ಲವನ್ನೂ ನೋಡುತ್ತಾ ಕೂತಿದ್ದರು. ಅವರಿಗೆ ಕಿವಿ ಮಂದ, ಕಣ್ಣು ಚುರುಕು. ಸ್ವಲ್ಪ ಹೊತ್ತಾದ ಮೇಲೆ ವಾಕರ್ ಎಳೆದುಕೊಂಡರು. “ಹಕ್ಕಿ ತನಕ ಹೋಗಿ ಬರುವ, ನಡಿ.”

ಹಕ್ಕಿ ಅಂದರೆ ಎದುರಿನ ಬ್ಲಾಕಿನ ಗೋಡೆಯ ನೀಲಿ ಹಕ್ಕಿ. ಕಮಾನು ದಾಟಿ, ಲೇನ್ ದಾಟಿ ಹೋಗಬೇಕು. ಅಷ್ಟು ದೂರ ಅವರು ಇನ್ನೂ ಹೋಗಿರಲಿಲ್ಲ. ಲೀಲಮ್ಮ ಅವರ ಚಪ್ಪಲಿ ತಂದು ಕಾಲ ಹತ್ತಿರ ಇಟ್ಟಳು. ಹೊರಟರು. ಭಾನುವಾರದ ಲೇನ್ ಖಾಲಿ, ಎಲ್ಲೋ ಒಬ್ಬ ಪ್ರೆಸ್‌ವಾಲಾನ ಇಸ್ತ್ರಿಯ ಹಬೆ, ಎಲ್ಲೋ ಒಂದು ರೇಡಿಯೋ. ಬೇವಿನ ಎಲೆ ಕಾಲ ಕೆಳಗೆ ಹಪ್ಪಳದ ಹಾಗೆ ಮುರಿಯುತ್ತಿತ್ತು. ಕಮಾನಿನ ನೆರಳಿನಲ್ಲಿ ಒಮ್ಮೆ ನಿಂತರು, ಉಸಿರು ತೆಗೆದುಕೊಂಡರು, ಮತ್ತೆ ನಡೆದರು. ಲೀಲಮ್ಮ ಚಾಚಿದ್ದ ಕೈಗಳನ್ನು ಯಾವಾಗ ಕೆಳಗಿಳಿಸಿದಳೋ ಅವಳಿಗೇ ತಿಳಿಯಲಿಲ್ಲ. ಹಕ್ಕಿಯ ಹತ್ತಿರ ಬಂದಾಗ ಅದು ಹಕ್ಕಿಯಾಗಿ ಉಳಿಯಲಿಲ್ಲ. ಬರೀ ನೀಲಿ, ತಲೆಯ ಮೇಲೆ ಎರಡು ಆಳು ಎತ್ತರ. ಪೂಣಚ್ಚ ಅದರ ಕಾಲನ್ನು ಅಂಗೈಯಿಂದ ಮುಟ್ಟಿ, ಬೆಚ್ಚಗಿದೆ ಅಂದರು.

ಕರಣ್ ಬಂದದ್ದು ಆ ಹೊತ್ತಿಗೆ. ಮಂಚ ಖಾಲಿ, ಚೀಲ ತುಂಬಿದೆ, ಮನೆಯಲ್ಲಿ ಯಾರೂ ಇಲ್ಲ.  ಮೆಟ್ಟಿಲು ಇಳಿದು ಲೇನಿಗೆ ಓಡಿ ಬಂದವನು ಕಮಾನಿನ ಕೆಳಗೆ ಹಾಗೇ ನಿಂತುಬಿಟ್ಟ. ಅವನ ಹಿಂದೆ, ಗಾಲಿಕುರ್ಚಿ ಏರಿಸುವ ದೊಡ್ಡ ವ್ಯಾನು ನಿಂತಿತ್ತು.

“ಅಜ್ಜ ನಡೀತಿದ್ದಾರೆ?”

“ಹದಿನೈದು ದಿನದಿಂದ ನಡೀತಿದ್ದಾರಪ್ಪ. ನಾನು ದಿನಾ ಬರೀತಿದ್ದೆನಲ್ಲ.”

“ಆಂಟಿ, ನೀವು ಬರೆದದ್ದು ಉಲ್ಟಾ ಅಲ್ವಾ? ಪೂವಿ ಆಂಟಿ ಎಲ್ಲಾ ನನಗೆ ಫಾರ್ವರ್ಡ್ ಮಾಡಿದಾರೆ.” ಅವನು ಫೋನು ತೆಗೆದು ಒಂದೊಂದೇ ಸಾಲು ಓದಿದ. ಆಫೀಸಿನ ಕೆಲಸದ ಮೇಲೆ ಪುಣೆಗೆ ಹೋಗಿದ್ದವನು ಇವನ್ನು ಓದಿಯೇ ಗಾಬರಿಯಾಗಿ ಬಂದಿದ್ದ. “ಯಸ್ಟರ್ಡೇ ಬೆಟರ್. ಮತ್ಲಬ್ ನಿನ್ನೆ ಚೆನ್ನಾಗಿದ್ರು, ಇವತ್ತು ಇಲ್ಲ. ದಿನಾ ಅದೇ. ಲಾಸ್ಟ್‌ಗೆ ಯಸ್ಟರ್ಡೇ ಬೆಸ್ಟ್. ಮತ್ಲಬ್ ಇನ್ನು ಮುಂದೆ…” 

ಲೀಲಮ್ಮ ಅವನ ಫೋನಿನ ಮೇಲೆ ಬಗ್ಗಿ ಆ ಸಾಲುಗಳನ್ನು ನೋಡಿದಳು. ಅವಳು ಹೇಳಿದ್ದು ಅದೇ ಮಾತು, ಅದೇ ಕ್ರಮ. ನಿನ್ನೆ, ವಾಸಿ. ನಡುವೆ ಕೂರಬೇಕಾದ ಪುಟ್ಟ ಗಿಂತ ಒಳಗೆ ಇರಲೇ ಇಲ್ಲ. ಅದಿಲ್ಲದೆ ಅವಳ ಸಾಲುಗಳು ದಾರ ಕಡಿದ ಗಾಳಿಪಟದ ಹಾಗೆ ಹಿಂದಕ್ಕೆ ಹಾರಿಹೋಗಿದ್ದವು.

“ಗಿಂತ ಒಳಗೇ ಇದೆ ಅಂದ್ಕೊಂಡೆ” ಅಂದಳು, ಸಣ್ಣ ದನಿಯಲ್ಲಿ.

ಪೂಣಚ್ಚ ಫೋನು ಕೊಡು ಅಂತ ಕೈ ಚಾಚಿದರು. ಹಕ್ಕಿಯ ಕಾಲಿಗೆ ಬೆನ್ನು ಒರಗಿಸಿ, ಕನ್ನಡಕ ಹಣೆಗೇರಿಸಿ, ಮೊದಲಿನಿಂದ ಕೊನೆಯ ತನಕ ಓದಿದರು. ಅವರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಭುಜ. ಬಿದ್ದ ಮೇಲೆ ಮೊದಲ ಸಲ ಅವರು ನಕ್ಕದ್ದು. “ಹದಿನೈದು ದಿನ ನನ್ನ ಮುಂದಕ್ಕೆ ನಡೆಸಿದ್ದೂ ನೀನೇ, ಹಿಂದಕ್ಕೆ ನಡೆಸಿದ್ದೂ ನೀನೇ ಅಲ್ಲವಾ ಲೀಲಮ್ಮ. ಸೈನ್ಯದಲ್ಲೂ ಹೀಗೆ ಯಾರೂ ಮಾಡಿಸಲಿಲ್ಲ.”

ಲೀಲಮ್ಮನಿಗೆ ನಗು ಬರಲಿಲ್ಲ. ವ್ಯಾನಿನವನು ಹಾರ್ನ್ ಹೊಡೆದ. ಕರಣ್ ಅಲ್ಲೇ ನಿಂತು ಪೂವಮ್ಮನಿಗೆ ಉದ್ದಕ್ಕೆ ಬರೆದು ಕಳಿಸಿದ. ಫೋಟೋ ಕಳಿಸಲು ನೋಡಿದ, ಅದು ಸುತ್ತುತ್ತಲೇ ಇತ್ತು, ಹೋಗಲಿಲ್ಲ. ಮೂವರೂ ಮನೆಗೆ ಬಂದು ಮೆಟ್ಟಿಲ ಬಿಸಿಲಿನಲ್ಲಿ ಕಾದು ಕೂತರು. ಮುಕ್ಕಾಲು ಗಂಟೆಯ ಮೇಲೆ ಉತ್ತರ ಬಂತು. ಕರಣ್ ಓದಿ ಹೇಳಿದ: ನೀನು ಇವತ್ತು ಒಂದು ದಿನ ನೋಡಿದ್ದೀಯ. ಒಂದು ಒಳ್ಳೆಯ ಬೆಳಿಗ್ಗೆಗೆ ಮರುಳಾಗಬೇಡ, ಅಮ್ಮನಿಗೂ ಅಂಥ ಬೆಳಿಗ್ಗೆಗಳು ಬಂದಿದ್ದವು. ದಿನವೂ ನೋಡಿದವರು ಆಂಟಿ. ತಡ ಮಾಡಬೇಡ.

ತಪ್ಪು ಅವಳದ್ದೂ ಅಲ್ಲ. ಎರಡು ವಾರ ಇಳಿಯುತ್ತಾ ಬಂದ ಮೆಟ್ಟಿಲು ಒಮ್ಮೆಲೇ ಏರಿತು ಅಂದರೆ ಯಾರು ನಂಬುತ್ತಾರೆ.

ಕರಣ್ ಲೀಲಮ್ಮನಿಗೆ ಸರಿಯಾದ ಸಾಲು ಹೇಳಿಕೊಟ್ಟ. ಟುಡೇ ಬೆಟರ್ ದ್ಯಾನ್ ಯಸ್ಟರ್ಡೇ. ದ್ಯಾನ್ ಅನ್ನುವುದೇ ಗಿಂತವಂತೆ. ಮೇಲಿನಿಂದ ಇಳಿದು ಬಂದಿದ್ದ ಅನನ್ಯಾ ಉಗುರು ಕಚ್ಚುತ್ತಾ, ಅದು ಪುಸ್ತಕದಲ್ಲಿ ಮುಂದಿನ ಪುಟದಲ್ಲಿತ್ತು ಅಜ್ಜಿ ಅಂದಳು. ಲೀಲಮ್ಮ ಬೈಯಲಿಲ್ಲ. ಅವಳು ಆ ಸಾಲನ್ನೇ ನೋಡುತ್ತಿದ್ದಳು. ನಿನ್ನೆಯನ್ನು ಕೊನೆಗೆ ತಳ್ಳಿದ್ದಾರೆ. ನಾವು ನಿನ್ನೆಯನ್ನು ಮೊದಲು ಕೂರಿಸಿ, ಅದರ ಭುಜ ಹಿಡಿದು ಇವತ್ತನ್ನು ಏಳಿಸುತ್ತೇವೆ. ಇವರು ಇವತ್ತನ್ನು ಮೊದಲೇ ನಿಲ್ಲಿಸಿಬಿಡುತ್ತಾರೆ, ನಿನ್ನೆ ಹಿಂದೆ ಬಂದರೆ ಬಂತು. ಹಾಗೂ ನಡೆಯುತ್ತದೆ. ಆದರೆ ಇದು ಕರಣನ ಸಾಲು. ಹೀಗೆ ಸರಾಗವಾದ ಇಂಗ್ಲಿಷು ತನ್ನ ಬೆರಳಿನದ್ದಲ್ಲ ಅಂತ ಪೂವಮ್ಮನಿಗೆ ತಿಳಿಯದೆ ಇರುತ್ತದೆಯೇ?

ತೋರುಬೆರಳು ಫೋನಿನ ಮೇಲೆ ಗಾಳಿಯಲ್ಲಿ ನಿಂತಿತು. ಮನಸ್ಸಿನಲ್ಲಿ ಒಂದು ಬಾಗಿಲು, ಸಂಜೆ, ಮೆಟ್ಟಿಲಿನಲ್ಲಿ ಹೆಜ್ಜೆ ಸಪ್ಪಳ. ಆ ಬಾಗಿಲಿನಲ್ಲಿ ಅವಳು ಒಂದು ದಿನವೂ ಸುಳ್ಳು ಹೇಳಿರಲಿಲ್ಲ. ಆಮೇಲೆ ಅವಳು ಹಾಲಿನ ಪಾತ್ರೆಯ ಲೆಕ್ಕವನ್ನೇ ಬಿಟ್ಟಳು. ಇಂಗ್ಲಿಷಿನ ಅಕ್ಷರಗಳಲ್ಲಿ, ಬಸ್ಸಿನ ಬೋರ್ಡು ಓದುವಷ್ಟು ನಿಧಾನವಾಗಿ, ಕನ್ನಡ ಬರೆದಳು. ನಿನ್ನೆ. ಗಿಂತ. ಕೊನೆಗೆ ವಿ, ಎ, ಎ, ಎಸ್, ಐ.

ಕಳಿಸಿ ಫೋನನ್ನು ಮಡಿಲಿನಲ್ಲಿ ಮುಖ ಕೆಳಗಾಗಿ ಇಟ್ಟುಕೊಂಡಳು. ವ್ಯಾನಿನವನು ಇಳಿದು ಬಂದು ಎಷ್ಟು ಹೊತ್ತು ಭಾಯಿಸಾಬ್ ಅಂತ ಕೇಳಿದ. ಕರಣ್ ಅವನಿಗೆ ನೀರು ಕೊಟ್ಟ. ಪೂಣಚ್ಚ ಕಣ್ಣು ಮುಚ್ಚಿ ಕೂತಿದ್ದರು, ನಿದ್ದೆಯೋ, ಪ್ರಾರ್ಥನೆಯೋ. ನೆರಳು ಒಂದು ಮೆಟ್ಟಿಲು ಕೆಳಗಿಳಿಯಿತು. ಆಗ ಮಡಿಲು ನಡುಗಿತು.

ಒಂದೇ ಮಾತಿತ್ತು, ಅದೇ ಐದು ಅಕ್ಷರ, ಮುಂದೆ ಒಂದು ಪ್ರಶ್ನೆಯ ಗುರುತು. ವಾಸಿ?

ಹೌದು ಅಂತ ಬರೆಯಲು ಎಷ್ಟು ಅಕ್ಷರ ಬೇಕೆಂದು ಲೀಲಮ್ಮನಿಗೆ ತಕ್ಷಣ ಹೊಳೆಯಲಿಲ್ಲ. ಅದಕ್ಕೇ ಅವಳು ಅದೇ ಮಾತನ್ನು ಮತ್ತೆ ಕುಟ್ಟಿದಳು, ಪ್ರಶ್ನೆಯ ಗುರುತಿಲ್ಲದೆ. ಎರಡು ನಿಮಿಷಕ್ಕೆ ಕರಣನ ಫೋನು ಸದ್ದು ಮಾಡಿತು. ಅವನು ಓದಿ, ಎದ್ದು ಹೋಗಿ ವ್ಯಾನಿನವನ ಹತ್ತಿರ ಮಾತಾಡಿದ. ವ್ಯಾನು ಹಿಂದಕ್ಕೆ ಸರಿದು, ಕಮಾನಿನ ಕೆಳಗೆ ತಿರುಗಿ, ಬಂದ ದಾರಿಯಲ್ಲಿ ಹೋಯಿತು.

ಪೂಣಚ್ಚ ಕಣ್ಣು ತೆರೆದರು. ವಾಸಿ ಅನ್ನುವುದು ದೊಡ್ಡ ಮಾತು ಅಂದರು. ಇದಕ್ಕಿಂತ ಅದು ವಾಸಿ ಅಂದರೂ ಅದೇ, ಜ್ವರ ಬಿಟ್ಟರೂ ಅದೇ. ಇಂಗ್ಲಿಷಿನ ಬೆಟರ್ ಕೂಡ ಹಾಗೇ ಎರಡೂ ಕೆಲಸ ಮಾಡುತ್ತದೆ, ಅದೊಂದು ಪದವನ್ನು ನೀನು ಸರಿಯಾಗೇ ಹಿಡಿದಿದ್ದೆ ಅಂತ ಲೀಲಮ್ಮನಿಗೆ ಹೇಳಿದರು. ಅವಳು ಕೇಳಿಸಿಕೊಂಡಳೋ ಇಲ್ಲವೋ. ಚೀಲದಿಂದ ಶರ್ಟುಗಳನ್ನು ಒಂದೊಂದೇ ತೆಗೆದು ಗೂಟಕ್ಕೆ ಹಾಕುತ್ತಿದ್ದಳು. ಫೋಟೋದ ಟವೆಲು ಬಿಚ್ಚಿದಳು. ಕರಣನಿಗೆ ಕಾಫಿಗೆ ನೀರಿಟ್ಟಳು.

ಮಾರನೆಯ ಬೆಳಿಗ್ಗೆ ಅವಳು ಬಾಲ್ಕನಿಯ ಬಾಗಿಲಿನಲ್ಲಿ ಕನ್ನಡಕ ಏರಿಸಿ, ಫೋನು ಹಿಡಿದು, ಇವತ್ತು ಏನು ಬರೆಯಲಿ ಸಾಹೇಬ್ರೇ ಅಂತ ಕೇಳಿದಳು. ಅವರು ಕಾಫಿ ಗಿಡದ ಮುಂದೆ ಹಣೆಗೆ ಕೈ ಅಡ್ಡ ಹಿಡಿದು ನಿಂತಿದ್ದರು.

“ಇನ್ನೂ ನಡೆದೇ ಇಲ್ಲವಲ್ಲ. ನಡೆದು ಬಂದ ಮೇಲೆ ಬರಿ.”

ಅವಳು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ವಾಕರ್ ಟಕ್ ಟಕ್ ಅಂದಿತು.